ಇಂಗಾಲದ ಆವಿಗೆ ಒಂದಿಷ್ಟು ಬೆರಕೆ

ಕೇಳುಗರಿಗೆ ನಮಸ್ಕಾರ.

ಹೀಲಿಯಂ ತುಂಬಿದ ಪೆಟ್ಟಿಗೆಯೊಳಗೆ ಎರಡು ಗ್ರಾಫೈಟ್ ಕಡ್ಡಿಗಳ ತುದಿಗಳನ್ನು ಹತ್ತಿರ ತಂದು ಅವುಗಳ ನಡುವೆ ವಿದ್ಯುತ್ ಹೊತ್ತಿಸಿದರೆ ಇಂಗಾಲ ಆವಿಯಾಗಿ, ಮಸಿಯಾಗಿ ಗೋಡೆಗೆ ಅಂಟುತ್ತದೆ. ಆ ಮಸಿಯನ್ನು ಟಾಲ್ವೀನ್ ಎಂಬ ದ್ರಾವಕದಲ್ಲಿ ಕದಡಿ, ಸೋಸಿ, ಬೇರ್ಪಡಿಸಿದರೆ ಅರವತ್ತು ಇಂಗಾಲದ ಪರಮಾಣುಗಳು ಟೊಳ್ಳು ಗೋಳವಾಗಿ ಕೂಡಿಕೊಂಡ ಅಣು, ಫುಲ್ಲರೀನ್, ಸಿಗುತ್ತದೆ. ದ್ರಾವಣದ ನೇರಳೆ ಬಣ್ಣ ನೋಡಿದರೆ ಮಸಿಯಿಂದ ಬಂದದ್ದೆಂದು ನಂಬುವುದೇ ಕಷ್ಟ. ಇದಕ್ಕೆ ಬೇರೇನನ್ನೂ ಬೆರೆಸಬೇಕಾಗಿಲ್ಲ. ಹೈಡ್ರೋಜನ್ ನುಸುಳಿದರಂತೂ ಕೆಟ್ಟಿತು: ಇಂಗಾಲದ ಬಿಡಿ ಬಂಧಗಳಿಗೆಲ್ಲ ಅದೇ ಅಂಟಿಕೊಂಡು ಗೋಳ ಮುಚ್ಚದಂತೆ ಮಾಡುತ್ತದೆ.

ಅದೇ ಕಡ್ಡಿಗೆ ತೂತು ಕೊರೆದು ಲೋಹದ ಪುಡಿ ತುಂಬಿ ನೋಡಿ. ಲ್ಯಾಂಥನಂ ಆದರೆ ಇಂಗಾಲದ ಗೂಡಿನೊಳಗೇ ಹೋಗಿ ಕೂರುತ್ತದೆ. ಕೋಬಾಲ್ಟ್ ಹಾಗಲ್ಲ, ಹೊರಗೆ ನಿಂತು ಇಂಗಾಲದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆ, ಅಂದರೆ ನ್ಯಾನೋಕೊಳವೆ, ಕಟ್ಟಿಸುತ್ತದೆ. 1993ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದ ಬೆಥೂನ್ ತಂಡ ಕೋಬಾಲ್ಟ್‌ನಿಂದಲೂ ಜಪಾನಿನ ಇಜಿಮಾ ಮತ್ತು ಇಚಿಹಾಶಿ ಕಬ್ಬಿಣದಿಂದಲೂ ಒಂಟಿ ಪದರದ ನ್ಯಾನೋಕೊಳವೆಗಳನ್ನು ಪಡೆದರು. ಎರಡೂ ವರದಿಗಳು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾದವು. 1991ರಲ್ಲಿ ಇಜಿಮಾ ಕಂಡಿದ್ದ ಕೊಳವೆಗಳಿಗೆ ಹಲವು ಪದರಗಳಿದ್ದವು, ಅವಕ್ಕೆ ಲೋಹದ ಹಂಗಿರಲಿಲ್ಲ.

ಲೋಹದ ಕಣ ಮಾಡುವುದು ಇಷ್ಟು: ಬಿಸಿಯಲ್ಲಿ ಇಂಗಾಲವನ್ನು ಕರಗಿಸಿಕೊಳ್ಳುತ್ತದೆ, ತುಂಬಿದ ಮೇಲೆ ಹೊರಗೆ ಬಿಡುತ್ತದೆ, ಕೊಳವೆಯ ಬಾಯಿ ಮುಚ್ಚದಂತೆ ತಡೆಯುತ್ತದೆ. ಕಣ ದಪ್ಪವಾದರೆ ಸಾಮಾನ್ಯವಾಗಿ ಕೊಳವೆಯೂ ದಪ್ಪ. 1997ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯ ಸಂಶೋಧಕರು ನಿಕ್ಕಲ್‌ಗೆ ಸ್ವಲ್ಪ ಯಟ್ರಿಯಂ ಜೊತೆಮಾಡಿದಾಗ ಇಳುವರಿ ಹೇರಳವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಫೆರೋಸೀನ್ ಆವಿಯನ್ನು ಕುಲುಮೆಗೆ ಬಿಟ್ಟು ಕೊಳವೆ ಬೆಳೆಸಿದ ಬಗೆಯನ್ನು ಪ್ರಕಟಿಸಿತು. ಆ ಅಣುವಿನಲ್ಲಿ ಕಬ್ಬಿಣವೂ ಇಂಗಾಲವೂ ಕೂಡಿಯೇ ಇರುವುದರಿಂದ ಬೇರೆ ಪುಡಿ ತುಂಬುವ ಗೋಜಿಲ್ಲ. ಇಂಥ ಕುಲುಮೆಗೆ ಗಂಧಕವಿರುವ ಥಯೋಫೀನನ್ನೂ ಸೇರಿಸುವವರಿದ್ದಾರೆ. ರಾಸಾಯನಿಕ ಕಾರ್ಖಾನೆಗಳು ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕ ಲೋಹಗಳಿಗೆ ವಿಷವೆಂದು ದೂರವಿಡುವ ಗಂಧಕ, ಇಲ್ಲಿ ಅಳತೆ ಮೀರದಿದ್ದರೆ ಬೆಳವಣಿಗೆಗೆ ಒತ್ತಾಸೆಯಾಗುತ್ತದೆ.

ಆದರೆ ಬೆರೆಸಿದ ಲೋಹ ಮಸಿಯಲ್ಲೇ ಉಳಿಯುತ್ತದೆ. ಅದನ್ನು ತೆಗೆಯಲು ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಕೊಳವೆಯ ಗೋಡೆಗೂ ಪೆಟ್ಟು. ಈ ತಾಪತ್ರಯಕ್ಕೆ ನನಗೆ ಎಲ್ಲಕ್ಕಿಂತ ಮೆಚ್ಚಾದ ಉಪಾಯ ನೀರು. 2004ರಲ್ಲಿ ಜಪಾನಿನ ಕೆಂಜಿ ಹಾತಾ ಮತ್ತು ಸಂಗಡಿಗರು ಫಲಕದ ಮೇಲೆ ತೆಳುವಾಗಿ ಕಬ್ಬಿಣ ಬಳಿದು, 750 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಗಾಲ ಒದಗಿಸುವ ಎಥಿಲೀನ್ ಅನಿಲ ಹಾಯಿಸುವಾಗ ಅತ್ಯಲ್ಪ ನೀರಾವಿಯನ್ನು ಬಿಟ್ಟರು. ಕಬ್ಬಿಣದ ಕಣಗಳ ಮೇಲೆ ಅಡ್ಡಾದಿಡ್ಡಿ ಇಂಗಾಲ ಕವಿದು ಅವು ಬೇಗನೆ ನಿಷ್ಕ್ರಿಯವಾಗುತ್ತಿದ್ದವು. ನೀರು ಆ ಪದರವನ್ನು ತೊಳೆದುಕೊಂಡು ಹೋಯಿತು. ಹತ್ತೇ ನಿಮಿಷದಲ್ಲಿ ಎರಡೂವರೆ ಮಿಲಿಮೀಟರ್ ಎತ್ತರದ ಕೊಳವೆಗಳು ಒತ್ತಾಗಿ ಎದ್ದು ನಿಂತವು. ರೇಜರ್ ಬ್ಲೇಡಿನಿಂದ ಹೆರೆದರೆ ಕೊಳವೆಗಳು ಕಳಚಿ ಬರುತ್ತವೆ, ಕಬ್ಬಿಣ ಫಲಕದಲ್ಲೇ ಉಳಿಯುತ್ತದೆ. ಆಮ್ಲದ ಸ್ನಾನವಿಲ್ಲದೆಯೇ ಅವುಗಳ ಶುದ್ಧತೆ ಶೇಕಡಾ 99.98ರಷ್ಟಿತ್ತು.