ಮೂಲ ಎಲ್ಲಿದೆ ಅಂತ ಕೇಳಿ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಕೊನೆಯ ಉಪನ್ಯಾಸ ನನ್ನದು, ಹಿಂದೆ ಆಗಲೇ ತಟ್ಟೆ ಜೋಡಿಸುವ ಸದ್ದು ಕೇಳ್ತಿದೆ. ನಾವು ಪಾಠ ಮಾಡುವ ಹುಡುಗರು ಚಾಟ್‌ಜಿಪಿಟಿ ಬಳಸಬೇಕೋ ಬೇಡವೋ ಅಂತ ಬೆಳಿಗ್ಗೆಯಿಂದ ಚರ್ಚೆ ನಡೆದಿದೆ. ಬಳಸ್ತಿದ್ದಾರೆ, ಮುಗೀತು. ಅದು ಹೇಳಿದ್ದಕ್ಕೆ ಮೂಲ ಎಲ್ಲಿದೆ ಅಂತ ಅವರು ಕೇಳ್ತಾರಾ?

ನ್ಯೂಯಾರ್ಕಿನ ಒಂದು ಕೇಸು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಕೇಳಿದವರು ಕ್ಷಮಿಸಿ. 2019ರಲ್ಲಿ ಏವಿಯಾಂಕಾ ವಿಮಾನದಲ್ಲಿ ಒಬ್ಬ ಪ್ರಯಾಣಿಕರ ಮೊಣಕಾಲಿಗೆ ಊಟದ ಗಾಡಿ ಬಡಿಯಿತು. ಕೋರ್ಟಿಗೆ ಹೋದರು. ಅವರ ವಕೀಲರು ಮೂವತ್ತು ವರ್ಷ ಪಳಗಿದವರು. ಹಳೇ ತೀರ್ಪು ಬೇಕು ಅಂತ ಚಾಟ್‌ಜಿಪಿಟಿಯನ್ನು ಕೇಳಿದರು, ಅದು ಸಾಲಾಗಿ ಕೊಟ್ಟಿತು. ‘ವರ್ಗೀಸ್ ವರ್ಸಸ್ ಚೈನಾ ಸದರ್ನ್ ಏರ್‌ಲೈನ್ಸ್’ ಅಂತ ಒಂದು. ನಮ್ಮ ಪಕ್ಕದ ಕೇರಳದ ಹೆಸರು ಬೇರೆ! ಎದುರಿನ ವಕೀಲರಿಗೆ ಎಷ್ಟು ಹುಡುಕಿದರೂ ಅಂಥ ತೀರ್ಪು ಸಿಗಲಿಲ್ಲ. ಪ್ರತಿ ತನ್ನಿ ಅಂದಿತು ಕೋರ್ಟು. ಇವರು ಏನು ಮಾಡಿದರು ಹೇಳಿ? ಚಾಟ್‌ಜಿಪಿಟಿ ಬರೆದುಕೊಟ್ಟಿದ್ದನ್ನೇ ತಂದು ಕೊಟ್ಟರು. ಅನುಮಾನ ಬಂದು ‘ಇದು ನಿಜವಾದ ಕೇಸಾ?’ ಅಂತಲೂ ಕೇಳಿದ್ದರು, ಯಾರನ್ನು? ಅದನ್ನೇ! ಹೌದು ಅಂದಿತು. ಕದ್ದವನನ್ನೇ ಕರೆದು ‘ನೀನೇನಪ್ಪಾ ಕದ್ದಿದ್ದು’ ಅಂತ ವಿಚಾರಿಸಿ ಮನೆಗೆ ಕಳಿಸಿದ ಹಾಗೆ. 2023ರ ಜೂನ್‌ನಲ್ಲಿ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ 5000 ಡಾಲರ್ ದಂಡ ಹಾಕಿದರು. ಎಐ ಬಳಸಿದ್ದಕ್ಕಲ್ಲ, ಬಳಸುವುದರಲ್ಲೇ ತಪ್ಪೇನಿಲ್ಲ ಅಂತ ಆದೇಶದಲ್ಲೇ ಬರೆದಿದ್ದಾರೆ. ಮೂಲ ನೋಡದೆ ಸಲ್ಲಿಸಿ, ಕೇಳಿದ ಮೇಲೂ ಅದನ್ನೇ ಹಿಡಿದು ನಿಂತಿದ್ದಕ್ಕೆ.

ಅಮೆರಿಕದ ಕಥೆ ಅಂತ ನಗಬೇಡಿ. 2024ರ ಡಿಸೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಒಂದು ಆದೇಶದಲ್ಲೂ, ಎಲ್ಲೂ ಇಲ್ಲದ ತೀರ್ಪುಗಳು ಸೇರಿಕೊಂಡು, ಆದೇಶವನ್ನೇ ವಾಪಸ್ ತೆಗೆದುಕೊಳ್ಳಬೇಕಾಯಿತು.

ಎಐ ಬರೆದದ್ದನ್ನು ಪತ್ತೆ ಮಾಡುವ ಡಿಟೆಕ್ಟರ್ ಇದೆಯಲ್ಲ ಅಂತೀರಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಡಿಟೆಕ್ಟರನ್ನು ಸರಿಯಾಗಿ ಹಿಡಿಯೋದಿಲ್ಲ ಅಂತ 2023ರಲ್ಲೇ ಮುಚ್ಚಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಕೈಯಾರೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಡಿಟೆಕ್ಟರ್‌ಗಳು ಎಐ ಬರೆದದ್ದು ಅಂದವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ತನಗೆ ಗೊತ್ತಿರುವ ನಾಲ್ಕು ಪದದಲ್ಲಿ ನೀಟಾಗಿ ಬರೆದರೆ ಮೊದಲ ಏಟು ಅವಳಿಗೇ, ಅಲ್ವಾ?

ಬದಲಿಗೆ ಹೀಗೆ ಮಾಡಿ. ಅವರವರ ಊರಿನ ಕೆರೆ ಯಾರು ಕಟ್ಟಿಸಿದ್ದು ಅಂತ ಎಐಯನ್ನು ಕೇಳಲಿ. ಅದು ಧೈರ್ಯವಾಗಿ ಒಬ್ಬ ರಾಜನನ್ನು ಹೇಳುತ್ತದೆ, ಬೇಕಾದರೆ ಶಾಸನದ ನಂಬರನ್ನೂ ಕೊಡುತ್ತದೆ. ಈಗ ಲೈಬ್ರರಿಗೆ ಕಳಿಸಿ. ಶಾಸನ ತಜ್ಞ ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ಆ ನಂಬರ್ ತೆಗೆದು ನೋಡಲಿ. ಕೆರೆಯ ಮಾತೇ ಇಲ್ಲದೆ, ಅಲ್ಲಿ ಯಾರೋ ವೀರನ ಕಲ್ಲಿರಬಹುದು. ಎಐ ಹೇಳಿದ್ದೇ ಸರಿ ಇದ್ದರೂ ಒಳ್ಳೆಯದೇ, ಪುಟ ಕಣ್ಣಾರೆ ನೋಡಿದ ಹಾಗಾಯಿತು. ಎಐ ಉತ್ತರ ಒಂದು ಕಡೆ, ಸಂಪುಟದ ಪುಟ ಇನ್ನೊಂದು ಕಡೆ, ನಡುವೆ ಅವರ ಮಾತು. ಮಾರ್ಕ್ಸ್ ಆ ನಡುವಿನದಕ್ಕೆ.

ಹಾಂ, ಸಮಯ ಆಯಿತು ಅಂತ ಚೀಟಿ ಬಂತು. ನೈತಿಕತೆಯ ಸ್ಲೈಡುಗಳು ಹೋದವು, ಬಿಡಿ. ಒಂದೇ ಹೇಳ್ತೀನಿ. ಫೀಲ್ಡ್‌ವರ್ಕ್‌ಗೆ ಹೋದ ಮಕ್ಕಳು ಜನ ನಂಬಿ ಹೇಳಿದ ಮನೆ ವಿಷಯವನ್ನು ಹೆಸರು ಸಮೇತ ಚಾಟ್‌ಗೆ ಹಾಕಿ ‘ರಿಪೋರ್ಟ್ ಮಾಡು’ ಅಂತಾರೆ. ಇದನ್ನು ಮೊದಲ ಕ್ಲಾಸಲ್ಲೇ ತಡೆಯಿರಿ.

ಆಮೇಲೆ ವೈವಾ, ಅಂದರೆ ಬರೆದದ್ದರ ಬಗ್ಗೆ ಬಾಯಿಮಾತಿನ ಪರೀಕ್ಷೆ. ಎಪ್ಪತ್ತು ಮಕ್ಕಳಿಗೆ ಹೇಗೆ ಸಾರ್ ಅಂತ ಹಿಂದಿನ ಸಾಲಿನಿಂದ ಕೇಳ್ತಿದ್ದೀರಿ. ಎಲ್ಲರಿಗೂ ಬೇಡ. ವಾರಕ್ಕೆ ಐದಾರು ಜನರನ್ನು ಚೀಟಿ ಎತ್ತಿ ಕರೆಯಿರಿ. ಯಾರ ಹೆಸರು ಬರುತ್ತೋ ಗೊತ್ತಿಲ್ಲ ಅಂದರೆ ಎಲ್ಲರೂ ಓದಿಕೊಂಡೇ ಬರ್ತಾರೆ.