ಉಚಿತ ಟ್ರಯಲ್ ಮುಗಿದ ಮೇಲೆ ಕಾರ್ಡಿನಿಂದ ಹಣ ಹೋಗುವುದು ಹೇಗೆ, ತಡೆಯುವುದು ಹೇಗೆ

ಎಲ್ಲರಿಗೂ ನಮಸ್ಕಾರ.

ಉಚಿತ ಟ್ರಯಲ್ ನಂಬಿ ಹಣ ಕಳೆದುಕೊಂಡವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಕಾರ್ಡ್ ಬ್ಲಾಕ್ ಮಾಡಿಸುವುದು. ಹೊಸ ಕಾರ್ಡ್ ಬರುತ್ತದೆ. ಮುಂದಿನ ತಿಂಗಳು ಅದರಿಂದಲೂ ಹಣ ಕಡಿತವಾಗುತ್ತದೆ! ಬ್ಯಾಂಕಿನವರು ಸರಿಯಾಗಿ ಬ್ಲಾಕ್ ಮಾಡಲಿಲ್ಲವೆಂದು ಜಗಳ ಶುರುವಾಗುತ್ತದೆ. ಆದರೆ ತಪ್ಪಿದ್ದು ಅಲ್ಲಲ್ಲ. ಹಣ ಎಳೆದುಕೊಳ್ಳುವ ಅನುಮತಿಯನ್ನು ನೀವು ಕೊಟ್ಟದ್ದು ಕಂಪನಿಗೆ. ಕಾರ್ಡ್ ಬದಲಾದರೂ ಆ ಅನುಮತಿ ಕಂಪನಿಯ ಬಳಿ ಹಾಗೇ ಉಳಿದಿರುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ.

ಟ್ರಯಲ್‌ಗೆ ಸೇರುವಾಗ ಏನಾಗುತ್ತದೆ ನೋಡೋಣ. ನೀವು ಕಾರ್ಡ್ ಸಂಖ್ಯೆ, ಸಿವಿವಿ, ಓಟಿಪಿ ಕೊಡುತ್ತೀರಿ. ಕಂಪನಿ ಸೊನ್ನೆ ಮೊತ್ತದ, ಇಲ್ಲವೇ ತೀರಾ ಸಣ್ಣ ಮೊತ್ತದ ಒಂದು ಪರಿಶೀಲನೆ ನಡೆಸುತ್ತದೆ. ಸಣ್ಣ ಮೊತ್ತವಾದರೆ ಕೆಲವು ದಿನಗಳಲ್ಲಿ ವಾಪಸಾಗುತ್ತದೆ. ಕಾರ್ಡ್ ಚಾಲ್ತಿಯಲ್ಲಿದೆ ಎಂದು ಗೊತ್ತಾದ ಮೇಲೆ ಸಂಖ್ಯೆಯ ಬದಲಿಗೆ ಒಂದು ಟೋಕನ್, ಅಂದರೆ ನಿಮ್ಮ ಕಾರ್ಡಿಗೆ ಜೋಡಿಸಿದ ಗುಪ್ತ ಸಂಕೇತ, ಉಳಿಸಿಕೊಳ್ಳುತ್ತಾರೆ. ನೀವೇ ಮುಂದೆ ನಿಂತು ಮಾಡುವ ವ್ಯವಹಾರ ಇದೊಂದೇ. ಟ್ರಯಲ್ ಮುಗಿದ ಮೇಲಿನವೆಲ್ಲ ಕಂಪನಿ ತಾನಾಗಿ ಆರಂಭಿಸುವ ವ್ಯವಹಾರಗಳು. ಅವಕ್ಕೆ ಸಿವಿವಿ ಬೇಡ, ಬಹುತೇಕ ಕಡೆ ಓಟಿಪಿಯೂ ಬೇಡ. 'ನಾನು ಓಟಿಪಿ ಕೊಡಲೇ ಇಲ್ಲ, ಹಣ ಹೇಗೆ ಹೋಯಿತು' ಎಂಬ ಪ್ರಶ್ನೆಗೆ ಇದೇ ಉತ್ತರ.

ಹೊಸ ಕಾರ್ಡಿಗೂ ಬಿಲ್ ಬೀಳುವುದು ಯಾಕೆ? ಕಾರ್ಡ್ ಜಾಲವಾದ ವೀಸಾದಲ್ಲಿ ಅಕೌಂಟ್ ಅಪ್‌ಡೇಟರ್ ಎಂಬ ಸೇವೆಯಿದೆ. ಮಾಸ್ಟರ್‌ಕಾರ್ಡ್‌ನಲ್ಲಿ ಅದೇ ಕೆಲಸ ಮಾಡುವುದು ಆಟೋಮ್ಯಾಟಿಕ್ ಬಿಲ್ಲಿಂಗ್ ಅಪ್‌ಡೇಟರ್. ಕಾರ್ಡ್ ಅವಧಿ ಮುಗಿದು ಅಥವಾ ಕಳೆದುಹೋಗಿ ಹೊಸದು ಬಂದಾಗ ಅದರ ವಿವರವನ್ನು ಬ್ಯಾಂಕ್ ಈ ಸೇವೆಗೆ ಕೊಟ್ಟಿದ್ದರೆ ಅದು ಕಂಪನಿಗೂ ತಲುಪುತ್ತದೆ. ವಿದ್ಯುತ್ ಬಿಲ್ಲು, ವಿಮೆಯ ಕಂತು ನಡುವೆ ನಿಲ್ಲದಿರಲಿ ಎಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಬೇಡದ ಚಂದಾಕ್ಕೂ ಅದೇ ದಾರಿಯಾಗುತ್ತದೆ.

ಹಾಗಾಗಿ ರದ್ದು ಮಾಡಬೇಕಾದದ್ದು ಚಂದಾವನ್ನು, ಅದೂ ಸೇರಿದ ದಿನವೇ. ಬಹಳಷ್ಟು ಸೇವೆಗಳಲ್ಲಿ ಮೊದಲ ದಿನ ರದ್ದು ಮಾಡಿದರೂ ಟ್ರಯಲ್ ಮುಗಿಯುವವರೆಗೆ ಬಳಸಬಹುದು. ಕೆಲವು ಸೇವೆಗಳು ಆ ಕ್ಷಣವೇ ನಿಲ್ಲುತ್ತವೆ. ರದ್ದು ಪುಟದಲ್ಲಿ ಆ ಸಾಲು ಇರುತ್ತದೆ, ಓದಿ. ಅಂಥದ್ದಾದರೆ ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಫೋನಿನಲ್ಲಿ ಅಲಾರಂ ಇಡಿ. ಕೊನೆಯ ದಿನದವರೆಗೆ ಕಾಯಬೇಡಿ. ಕಂಪನಿಯ ಗಡಿಯಾರ ಬೇರೆ ದೇಶದ ಸಮಯದಲ್ಲಿ ಓಡುತ್ತಿರಬಹುದು. ಆಪಲ್ ಅಂತೂ ಟ್ರಯಲ್ ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ರದ್ದು ಮಾಡಿ ಎನ್ನುತ್ತದೆ.

ಎಲ್ಲಿ ರದ್ದು ಮಾಡಬೇಕು ಎನ್ನುವಲ್ಲೇ ಬಹಳ ಜನ ಎಡವುತ್ತಾರೆ. ಆ್ಯಪ್ ಅಳಿಸಿದರೆ ಚಂದಾ ಹೋಗುವುದಿಲ್ಲ. ಸ್ಟೇಟ್‌ಮೆಂಟ್ ತೆಗೆದು ಹಣ ಯಾರ ಹೆಸರಿಗೆ ಹೋಗಿದೆ ನೋಡಿ. ಆಪಲ್ ಹೆಸರಿದ್ದರೆ ಐಫೋನಿನ ಸೆಟ್ಟಿಂಗ್ಸ್, ಮೇಲಿರುವ ನಿಮ್ಮ ಹೆಸರು, ಸಬ್‌ಸ್ಕ್ರಿಪ್ಷನ್ಸ್. ಗೂಗಲ್ ಇದ್ದರೆ ಪ್ಲೇ ಸ್ಟೋರ್, ನಿಮ್ಮ ಪ್ರೊಫೈಲ್ ಚಿತ್ರ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್ ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ಪೇಮೆಂಟ್ಸ್. ಈ ಮೂರೂ ಅಲ್ಲದಿದ್ದರೆ ಕಂಪನಿಯ ವೆಬ್‌ಸೈಟಿಗೇ ಹೋಗಬೇಕು.

ರದ್ದು ಮಾಡುವ ಪುಟಗಳನ್ನು ಬೇಕೆಂದೇ ಸುತ್ತುಬಳಸಿ ಕಟ್ಟಿರುತ್ತಾರೆ. ಮೊದಲ ಪುಟದಲ್ಲಿ 'ಯಾಕೆ ಹೋಗುತ್ತಿದ್ದೀರಿ' ಎಂಬ ಪ್ರಶ್ನೆ, ಎರಡನೆಯದರಲ್ಲಿ ಅರ್ಧ ಬೆಲೆಯ ಆಸೆ, ಮೂರನೆಯದರಲ್ಲಿ ದೊಡ್ಡ ಬಣ್ಣದ ಗುಂಡಿಯಲ್ಲಿ 'ಒಂದು ತಿಂಗಳು ತಡೆಹಿಡಿಯಿರಿ', ಅದರ ಕೆಳಗೆ ಮಾಸಲು ಅಕ್ಷರದಲ್ಲಿ 'ರದ್ದು ಮಾಡಿ'. ತಡೆಹಿಡಿದರೆ ತಿಂಗಳಾದ ಮೇಲೆ ಬಿಲ್ ಮತ್ತೆ ಶುರು. ಇದು ದೊಡ್ಡ ಕಂಪನಿಗಳ ಮೇಲೂ ಬಂದ ಆರೋಪವೇ. 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಅಮೆಜಾನಿನ ಪ್ರೈಮ್ ಚಂದಾ ಕುರಿತು ಹೂಡಿದ ದಾವೆಯಲ್ಲಿ, ಚಂದಾ ಬಿಡಲು 4 ಪುಟ, 6 ಕ್ಲಿಕ್, 15 ಆಯ್ಕೆಗಳನ್ನು ದಾಟಬೇಕಿತ್ತು ಎಂದು ಆರೋಪಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆ ಮೊಕದ್ದಮೆ 250 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಜರ್ಮನಿಯಲ್ಲಿ 2022ರ ಜುಲೈ 1ರಿಂದ ವೆಬ್‌ಸೈಟಿನಲ್ಲಿ ಚಂದಾ ಮಾರುವವರು ರದ್ದು ಮಾಡುವ ಗುಂಡಿಯನ್ನೂ ಇಡಲೇಬೇಕು. ಎಲ್ಲ ಕಡೆಯೂ ಇರಬೇಕಾದ ಕಾನೂನು ಅದು.

ಕೊನೆಯ ಪುಟದಲ್ಲಿ 'ರದ್ದಾಗಿದೆ' ಎಂಬ ವಾಕ್ಯ ಕಾಣುವವರೆಗೆ ಬಿಡಬೇಡಿ. ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ದೃಢೀಕರಣದ ಇಮೇಲ್ ಬಾರದಿದ್ದರೆ ನೀವೇ ಬರೆಯಿರಿ: 'ನನ್ನ ಚಂದಾ ಇಂದಿನಿಂದ ರದ್ದು ಮಾಡಿ. ಮುಂದೆ ನನ್ನ ಕಾರ್ಡಿನಿಂದ ಹಣ ಪಡೆಯಲು ಅನುಮತಿಯಿಲ್ಲ.' ಈ ಎರಡು ವಾಕ್ಯ ಸಾಕು. ಮುಂದೆ ಬ್ಯಾಂಕಿನಲ್ಲಿ ಬಹಳ ಬೆಲೆ ಬರುವುದು ಇವಕ್ಕೇ.

ಅಂಚೆಯಲ್ಲಿ ಬರುವ ಮಾತ್ರೆ, ಕ್ರೀಮುಗಳ ಟ್ರಯಲ್ ಇನ್ನೂ ಅಪಾಯ. ಸಾಗಣೆ ವೆಚ್ಚ ಮಾತ್ರ ಕೊಡಿ ಎನ್ನುತ್ತಾರೆ. ಆದರೆ ಟ್ರಯಲ್ 14 ದಿನ ಎಂದಿದ್ದರೆ ಆ ಲೆಕ್ಕ ಎಷ್ಟೋ ಸಲ ಶುರುವಾಗುವುದು ಆರ್ಡರ್ ಮಾಡಿದ ದಿನದಿಂದ. ಡಬ್ಬಿ ಕೈಗೆ ಬರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಪಾವತಿ ಪುಟದಲ್ಲಿ ಮೊದಲೇ ಟಿಕ್ ಹಾಕಿದ ಚೌಕಗಳನ್ನು ಒಂದೊಂದಾಗಿ ನೋಡಿ. ಎರಡನೆಯ ಚೌಕ ಬೇರೆಯೇ ಕಂಪನಿಯ ಬೇರೆಯೇ ಚಂದಾ ಆಗಿರಬಹುದು. ಆಗ ಒಂದನ್ನು ರದ್ದು ಮಾಡಿದರೆ ಇನ್ನೊಂದು ಉಳಿದುಬಿಡುತ್ತದೆ.

ಈಗ ಹಣ ಹೋಗಿಯೇ ಬಿಟ್ಟಿದ್ದರೆ? ಮೊದಲು ಚಂದಾ ರದ್ದು ಮಾಡಿ, ಕಂಪನಿಗೆ ಬರೆದು ವಾಪಸ್ ಕೇಳಿ. ಒಪ್ಪದಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಹೋದ ಹಣವನ್ನು ಬ್ಯಾಂಕಿನ ಮೂಲಕ ಕಂಪನಿಯಿಂದ ವಾಪಸ್ ತರಿಸುವುದು, ಕೇಳಬೇಕು. ಅರ್ಜಿಯಲ್ಲಿ ಯಾವ ಕಾರಣ ಬರೆಯುತ್ತೀರಿ ಎನ್ನುವುದೇ ಇಲ್ಲಿ ಮುಖ್ಯ. ಸಿಟ್ಟಿನಲ್ಲಿ ಹೆಚ್ಚಿನವರು 'ವಂಚನೆ, ನಾನು ಮಾಡಿದ ವ್ಯವಹಾರವಲ್ಲ' ಎಂದು ಬರೆಯುತ್ತಾರೆ. ಕಂಪನಿ ನಿಮ್ಮ ಇಮೇಲ್, ಐಪಿ ವಿಳಾಸ, ನೀವು ಲಾಗಿನ್ ಆದ ದಾಖಲೆ ತೋರಿಸುತ್ತದೆ, ಅರ್ಜಿ ಬಿದ್ದುಹೋಗುತ್ತದೆ. ವೀಸಾದಲ್ಲಿ ಇದಕ್ಕೆ ಸರಿಹೊಂದುವ ಕಾರಣಗಳು ಬೇರೆ ಇವೆ, ಒಂದೊಂದಕ್ಕೂ ಒಂದು ಸಂಖ್ಯೆ. ರದ್ದು ಮಾಡಿದ ಮೇಲೂ ಹಣ ಹೋಗಿದ್ದರೆ 13.2. ಮುಂದೆ ಬಿಲ್ ಬರುತ್ತದೆಂದು ಸ್ಪಷ್ಟವಾಗಿ ತಿಳಿಸದೆ ಸೇರಿಸಿಕೊಂಡಿದ್ದರೆ 13.5. ಸಂಖ್ಯೆ ನೀವು ಬರೆಯಬೇಕಿಲ್ಲ. ಆದರೆ ನಡೆದದ್ದನ್ನು ಅದಕ್ಕೆ ತಕ್ಕಂತೆ ಹೇಳಿ. ಸಾಮಾನ್ಯ ಗಡುವು 120 ದಿನ. ಬ್ಯಾಂಕಿನ ಗಡುವು ಅದಕ್ಕಿಂತ ಕಡಿಮೆ ಇರಬಹುದು, ಹಾಗಾಗಿ ಸ್ಟೇಟ್‌ಮೆಂಟ್ ಬಂದ ವಾರವೇ ಹೋಗಿ.

ನಿಮ್ಮ ಪರವಾದ ಒಂದು ನಿಯಮವನ್ನೂ ಅರ್ಜಿಯಲ್ಲಿ ಬಳಸಿ. 2020ರ ಏಪ್ರಿಲ್‌ನಿಂದ ವೀಸಾ ಪ್ರಕಾರ, ಟ್ರಯಲ್ ಮುಗಿದು ಮೊದಲ ಬಿಲ್ ಹಾಕುವುದಕ್ಕೆ ಕನಿಷ್ಠ 7 ದಿನ ಮೊದಲು ಕಂಪನಿ ನೆನಪಿನ ಸಂದೇಶ ಕಳಿಸಬೇಕು, ಆನ್‌ಲೈನ್‌ನಲ್ಲಿ ರದ್ದು ಮಾಡುವ ದಾರಿಯನ್ನೂ ಕೊಡಬೇಕು. ಸ್ಪ್ಯಾಮ್ ಫೋಲ್ಡರ್ ಸೇರಿದಂತೆ ಇಮೇಲ್ ಪೂರ್ತಿ ಹುಡುಕಿ. ಸಂದೇಶ ಬಂದಿಲ್ಲವೆಂದಾದರೆ ಅದನ್ನು ಬರೆಯಿರಿ.

ಕಂಪನಿ ಕೈಗೇ ಸಿಗುತ್ತಿಲ್ಲವೆಂದರೆ 'ಕಾರ್ಡ್ ಬ್ಲಾಕ್ ಮಾಡಿ' ಎನ್ನಬೇಡಿ. 'ಈ ಕಂಪನಿಯ ಮರುಕಳಿಸುವ ಪಾವತಿಯನ್ನು ನಿಲ್ಲಿಸಿ, ನನ್ನ ಅನುಮತಿ ಹಿಂಪಡೆದಿದ್ದೇನೆ' ಎಂದು ಲಿಖಿತವಾಗಿ ಬ್ಯಾಂಕಿಗೆ ಹೇಳಿ. ಆ ಸೂಚನೆ ದಾಖಲಾದರೆ ಕಂಪನಿಯ ಮುಂದಿನ ಕೋರಿಕೆ ತಿರಸ್ಕಾರವಾಗುತ್ತದೆ. ಮಿತಿ ಇಟ್ಟ ವರ್ಚುವಲ್ ಕಾರ್ಡ್ (ಆನ್‌ಲೈನ್ ಪಾವತಿಗೆಂದು ಸಿಗುವ, ಬರೀ ಸಂಖ್ಯೆಯ ಕಾರ್ಡ್) ಕೊಟ್ಟು ಸುಮ್ಮನಿರುವವರೂ ಇದ್ದಾರೆ. ಹಣ ಹೋಗುವುದಿಲ್ಲ ನಿಜ. ಆದರೆ ಚಂದಾ ರದ್ದಾಗದೆ ಬಾಕಿ ಲೆಕ್ಕ ಬೆಳೆಯಬಹುದು, ವಸೂಲಿಯವರ ಪತ್ರವೂ ಬರಬಹುದು.

ಎಲ್ಲ ಮುಗಿದ ಮೇಲೆ ಮುಂದಿನ ಎರಡು ಸ್ಟೇಟ್‌ಮೆಂಟ್‌ಗಳನ್ನು ಸಾಲು ಸಾಲಾಗಿ ಓದಿ. ಚಂದಾ ವಾರ್ಷಿಕದ್ದಾಗಿದ್ದರೆ ಮುಂದಿನ ಬಿಲ್ ಬೀಳುವುದು 12 ತಿಂಗಳ ನಂತರ. ಆ ತಿಂಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ರದ್ದಾದ ಇಮೇಲನ್ನು ಅಲ್ಲಿಯವರೆಗೆ ಅಳಿಸಬೇಡಿ.