ರೇಟು ಬಂದಾಗ ಕಾಯೇ ಇರಲಿಲ್ಲ

ನಮಸ್ಕಾರ. ಕೋಲಾರದ ಕಡೆಯ ಪಿಯು ಕಾಲೇಜುಗಳಲ್ಲಿ 26 ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ್ದೇನೆ. ಈಚೆಗೆ ಹೊಸ ಉಪನ್ಯಾಸಕರಿಗೆ ತರಬೇತಿ ಕೊಡುವ ಕೆಲಸವೂ ಹೆಗಲಿಗೆ ಬಿದ್ದಿದೆ. ಆ ತರಬೇತಿಯಲ್ಲಿ ನಾನು ಮೊದಲು ಹೇಳುವುದು ನನ್ನದೇ ಒಂದು ಎಡವಟ್ಟಿನ ಕಥೆ.

2023ರ ಜುಲೈ ನೆನಪಿದೆ ಅಲ್ವಾ? ನಮ್ಮ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಅದೇ ಹೊತ್ತಿಗೆ ದ್ವಿತೀಯ ಪಿಯು ಮಕ್ಕಳಿಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಜನ ಕೊಳ್ಳುವುದು ಎಷ್ಟು ಬದಲಾಗುತ್ತದೆ ಎಂಬ ಪಾಠ. ಆ ಪದಕ್ಕೆ ಮಕ್ಕಳ ನಾಲಿಗೆಯೇ ತಿರುಗುವುದಿಲ್ಲ, ಬಿಡಿ. ನನಗೋ ಉದಾಹರಣೆ ಬಾಗಿಲಿಗೇ ಬಂದ ಖುಷಿ. "ಸಾರಿಗೆ ಟೊಮೆಟೊ ಬೇಕೇ ಬೇಕು. ಬೆಲೆ ಏರಿದಷ್ಟು ಕೊಳ್ಳುವುದು ಇಳಿಯುವುದಿಲ್ಲ. ಹಾಗಾಗಿ ಬೆಳೆಗಾರರ ಕೈಗೆ ಜಾಸ್ತಿ ದುಡ್ಡು" ಎಂದು ಬೋರ್ಡಿನ ಮೇಲೆ ಕಡಿದಾದ ಬೇಡಿಕೆ ರೇಖೆ ಎಳೆದೆ.

ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ಮೇಡಂ, ರೇಟು ಬಂದಾಗ ನಮ್ಮ ತೋಟದಲ್ಲಿ ಕಾಯೇ ಇರಲಿಲ್ಲ."

ಬಿಳಿ ನೊಣ ಬಿದ್ದು, ಎಲೆ ಮುದುಡಿ, 100 ಬಾಕ್ಸು ಬರುವ ಕಡೆ 5 ಬಾಕ್ಸು ಬಂದಿತ್ತಂತೆ. ಅವಳ ಕೈಗೇ ಸೀಮೆಸುಣ್ಣ ಕೊಟ್ಟೆ. ಬಾಕ್ಸಿಗೆ 200ರಂತೆ 100 ಬಾಕ್ಸಿಗೆ 20,000. 2,000ದಂತೆ 5 ಬಾಕ್ಸಿಗೆ 10,000. ಬೆಲೆ ಹತ್ತು ಪಟ್ಟು, ದುಡ್ಡು ಅರ್ಧ! ತರಗತಿಯಲ್ಲಿ ಪಿಸುಮಾತು ಶುರುವಾಯಿತು.

ನಾನು ಹೇಳಿದ್ದು ಸುಳ್ಳಲ್ಲ. ಅದು ಇಡೀ ಮಾರುಕಟ್ಟೆಯ ಲೆಕ್ಕ. ಅವಳದು ಮನೆಯ ಲೆಕ್ಕ. ಆದರೆ ರೋಗ ಬಂದು ಎಡಕ್ಕೆ ಸರಿದದ್ದು ಪೂರೈಕೆ ರೇಖೆ, ಅಂದರೆ ಅದೇ ಬೆಲೆಗೆ ಮಾರಲು ಬರುವ ಕಾಯೇ ಕಮ್ಮಿಯಾಗಿತ್ತು. ಆ ರೇಖೆ ಎಳೆಯುವುದನ್ನೇ ಮರೆತಿದ್ದೆ. ರೇಟು ಏರಿದ್ದೇ ಇಂಥ ತೋಟಗಳು ಒಣಗಿದ್ದರಿಂದ ಅನ್ನುವುದು ನನ್ನ ಬೋರ್ಡಿನ ಮೇಲೆ ಇರಲೇ ಇಲ್ಲ.

ಅದಕ್ಕೇ ಈಗ ತರಬೇತಿಗೆ ಬಂದವರನ್ನು ಮೊದಲು ಮಂಡಿಗೆ ಕಳಿಸುತ್ತೇನೆ. ಹರಾಜು ನಡೆಯುವಾಗ ಮೂರು ರಾಶಿಯ ರೇಟು ಬರೆದುಕೊಂಡು ಬನ್ನಿ, ಅಷ್ಟೇ ಕೆಲಸ. ಒಬ್ಬರು ತಲೆ ಕೆರೆದುಕೊಂಡು ವಾಪಸ್ ಬಂದರು. "ಮೇಡಂ, ಪಕ್ಕಪಕ್ಕದ ರಾಶಿಗೇ ಬೇರೆ ಬೇರೆ ರೇಟು. ಇದರಲ್ಲಿ ಬೆಲೆ ಅಂತ ಯಾವುದನ್ನು ಬರೆಯಲಿ?" ಗಾತ್ರ ಬೇರೆ, ಬಣ್ಣ ಬೇರೆ. ದೂರದೂರಿಗೆ ಲಾರಿ ಹತ್ತುವ ಕಾಯಿ ಗಟ್ಟಿ ಇರಬೇಕು, ಪೂರ್ತಿ ಹಣ್ಣಾಗಿದ್ದರೆ ದಾರಿಯಲ್ಲೇ ರಸ. ಪೂರ್ಣ ಪೈಪೋಟಿಯಲ್ಲಿ, ಅಂದರೆ ಯಾರೊಬ್ಬರೂ ಬೆಲೆ ಅಲುಗಿಸಲಾಗದಷ್ಟು ಮಾರುವವರು, ಕೊಳ್ಳುವವರು ಇರುವ ಮಾರುಕಟ್ಟೆಯಲ್ಲಿ, ಸರಕೆಲ್ಲ ಒಂದೇ ಥರ ಇರುತ್ತದೆ ಎಂದು ಅವರು ಒಂದು ವರ್ಷ ಬರೆಸಿದ್ದರಂತೆ. ಆ ಷರತ್ತು ಎಷ್ಟು ದೊಡ್ಡದು ಅಂತ ಅವತ್ತು ಗೊತ್ತಾಯಿತಂತೆ.

ಇನ್ನೊಂದು ಅಭ್ಯಾಸ ಕೇಳಲು ಸುಲಭ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವ ತನಕ ಸುಮ್ನೆ ನಿಲ್ಲಬೇಕು. ನಾಲ್ಕು ಎಣಿಸುವಷ್ಟರಲ್ಲಿ ಮೇಷ್ಟ್ರುಗಳೇ ಉತ್ತರ ಹೇಳಿಬಿಡುತ್ತಾರೆ! ನಾನೇನು ಕಮ್ಮಿಯಿಲ್ಲ. ಯಾರೂ ಕೈ ಎತ್ತಲಾಗದ ರೇಡಿಯೊಗೆ ಬಂದು ಕೂತಿದ್ದೇನೆ ನೋಡಿ. "ಹೀಗೆ ನಿಂತರೆ ಸಿಲಬಸ್ ಮುಗಿಯುತ್ತಾ?" ಅಂತ ಕೇಳುತ್ತಾರೆ. ನಿಜವಾದ ಕಷ್ಟವೇ. ವ್ಯಾಖ್ಯೆಗಳನ್ನು ಮಕ್ಕಳು ಮನೆಯಲ್ಲಿ ಓದಿಕೊಳ್ಳಲಿ, ಆ ಸಮಯ ಇಲ್ಲಿಗೆ ಉಳಿಯುತ್ತದೆ ಎನ್ನುತ್ತೇನೆ.

ಈ ಎಣಿಕೆ ಕಲಿತದ್ದೂ ಅದೇ ಹುಡುಗಿಯಿಂದ. ಆಗಸ್ಟಿನಲ್ಲಿ ಸ್ಟಾಫ್ ರೂಮಿಗೆ ಬಂದಳು. "ಮೇಡಂ, ನಮ್ಮೂರಲ್ಲಿ ಎಲ್ಲರೂ ಟೊಮೆಟೊ ನಾಟಿ ಮಾಡ್ತಿದಾರೆ. ನಾವೂ ಹಾಕೋಣ್ವಾ ಅಂತ ಅಪ್ಪ ಕೇಳ್ತಿದಾರೆ." ಏನು ಹೇಳಬೇಕೋ ತೋಚಲಿಲ್ಲ, ಸುಮ್ಮನಿದ್ದೆ. ಅವಳೇ ಬೆರಳು ಮಡಚಿ ತಿಂಗಳು ಎಣಿಸಿದಳು. "ಎಲ್ಲರ ಕಾಯೂ ಒಟ್ಟಿಗೇ ಮಂಡಿಗೆ ಬರುತ್ತೆ ಅಲ್ವಾ ಮೇಡಂ?"

ಅವರಪ್ಪ ಅರ್ಧ ಜಮೀನಿಗೆ ಬೀನ್ಸ್ ಹಾಕಿದರಂತೆ. ಆಗಸ್ಟಿನಲ್ಲಿ ನೆಟ್ಟ ಕಾಯಿ ಬರುವ ಮೊದಲೇ, ಸೆಪ್ಟೆಂಬರ್ ಹೊತ್ತಿಗೇ ಟೊಮೆಟೊ ರೇಟು ನೆಲ ಕಚ್ಚಿತ್ತು. ನಮಸ್ಕಾರ.